ಸ್ಪ್ರೂಸ್ ಮರದ ಯಾವ ವರ್ಷದ ಎಲೆ ಹೋಯಿತು?

ಅಕ್ಟೋಬರ್ ಬಂತೆಂದರೆ ಮಿಶಿಗನ್‌ನ ಕನ್ನಡದ ಮನೆಗಳಿಂದ ನನಗೆ ಒಂದೇ ಬಗೆಯ ಫೋಟೊಗಳು ಬರತೊಡಗುತ್ತವೆ. ಹಿತ್ತಿಲ ಬೇಲಿಯುದ್ದಕ್ಕೂ ಸಾಲಾಗಿ ನಿಂತ ನೀಲಿ ಸ್ಪ್ರೂಸ್ ಮರಗಳು. ಮೇಲೆಲ್ಲ ಬೂದಿ ಬೆರೆತ ನೀಲಿ ಬಣ್ಣ, ಕೆಳಗೆ ಆಳೆತ್ತರದವರೆಗೆ ಕಂದು, ನಡುನಡುವೆ ಬರಿಯ ಕಡ್ಡಿ. ಫೋಟೊದ ಕೆಳಗೆ ಒಂದು ಸಾಲು: ‘ಅಕ್ಕಾ, ಇದಕ್ಕೆ ಯಾವ ಔಷಧ ಹೊಡೆಸಲಿ?’ ನೋವಿ, ಕ್ಯಾಂಟನ್, ಟ್ರಾಯ್ ಕಡೆಯ ಹೊಸ ಬಡಾವಣೆಗಳಲ್ಲಿ ಮನೆ ಕೊಂಡವರಿಗೆ ಈ ಮರಗಳು ಮನೆಯ ಜೊತೆಗೇ ಬಂದಂಥವು. ನೆಟ್ಟವರು ಬಿಲ್ಡರ್, ಇಪ್ಪತ್ತು ವರ್ಷದ ಮೇಲೆ ಅವುಗಳ ಕಷ್ಟ ನೋಡುತ್ತಿರುವವರು ಇವರು.

ಔಷಧದ ಮಾತು ಆಮೇಲೆ ಆಡೋಣ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೊದಲು ಮರದ ಹತ್ತಿರ ಹೋಗಿ ಮೂರು ಸಂಗತಿ ನೋಡಿಕೊಂಡು ಬನ್ನಿ. ಕಂದಾಗಿರುವುದು ಯಾವ ವರ್ಷದ ಎಲೆ? ಮರದ ಯಾವ ಕಡೆಯದು? ಯಾವ ತಿಂಗಳಲ್ಲಿ ಶುರುವಾಯಿತು? ಈ ಮೂರಕ್ಕೆ ಉತ್ತರ ಸಿಕ್ಕರೆ ರೋಗ ಯಾವುದೆಂಬುದು ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತದೆ. ಕಂದು ಬಣ್ಣವೊಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನೀರು ಕಡಿಮೆಯಾದರೂ ಎಲೆ ಕಂದಾಗುತ್ತದೆ, ಹೆಚ್ಚಾದರೂ ಕಂದಾಗುತ್ತದೆ. ಶಿಲೀಂಧ್ರ, ನುಸಿ, ರಸ್ತೆಗೆ ಸುರಿದ ಉಪ್ಪು, ಇವೆಲ್ಲ ಕೊನೆಗೆ ಬಂದು ನಿಲ್ಲುವುದು ಅದೇ ಬಣ್ಣಕ್ಕೆ.

ಎಲೆಯ ವಯಸ್ಸು ತಿಳಿಯುವುದು ಕಷ್ಟವಲ್ಲ. ಸ್ಪ್ರೂಸ್ ವರ್ಷಕ್ಕೊಮ್ಮೆ ಮಾತ್ರ ಚಿಗುರುತ್ತದೆ. ಇಲ್ಲಿ ಮೇ ತಿಂಗಳಲ್ಲಿ ಮೊಗ್ಗಿನ ಕಂದು ಟೊಪ್ಪಿಗೆ ಕಳಚಿಕೊಂಡು ಮೆತ್ತನೆಯ ಚಿಗುರು ಹೊರಬರುತ್ತದೆ, ಬೇಸಿಗೆಯ ನಡುವೆಯೇ ಆ ವರ್ಷದ ಬೆಳವಣಿಗೆ ಮುಗಿಯುತ್ತದೆ. ಕೊಂಬೆಯ ತುದಿಯನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ಬೆರಳಾಡಿಸುತ್ತಾ ಬನ್ನಿ. ಒಂದು ಗೇಣಿನೊಳಗೆ ಗಂಟಿನಂತೆ ಒಂದು ಉಂಗುರ ತಗಲುತ್ತದೆ. ಹಳೆಯ ಮೊಗ್ಗಿನ ಸಿಪ್ಪೆಗಳು ಅಲ್ಲಿ ಇನ್ನೂ ಅಂಟಿಕೊಂಡಿರುತ್ತವೆ, ಪಕ್ಕದ ರೆಂಬೆಗಳು ಅಲ್ಲಿಂದಲೇ ಕವಲೊಡೆದಿರುತ್ತವೆ. ತುದಿಯಿಂದ ಆ ಉಂಗುರದವರೆಗಿನದು ಈ ವರ್ಷದ್ದು. ಅಲ್ಲಿಂದ ಮುಂದಿನ ಉಂಗುರದವರೆಗಿನದು ಹೋದ ವರ್ಷದ್ದು. ಹೀಗೇ ಹಿಂದೆ ಹೋದರೆ ಆರೋಗ್ಯವಾಗಿರುವ ನೀಲಿ ಸ್ಪ್ರೂಸ್‌ನಲ್ಲಿ ಐದಾರು ವರ್ಷದ ಎಲೆ ಎಣಿಸಬಹುದು. ಕಾಯಿಲೆ ಬಿದ್ದ ಮರದಲ್ಲಿ ಈ ವರ್ಷದ್ದು ಮಾತ್ರ ಹಸಿರಾಗಿದ್ದು, ಹೋದ ವರ್ಷದ್ದು ನೇರಳೆ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ, ಅದರ ಹಿಂದಿನದೆಲ್ಲ ಉದುರಿ ಬರಿಯ ಕಡ್ಡಿ ಉಳಿದಿರುತ್ತದೆ. ಇಷ್ಟು ಕಂಡರೆ ಅರ್ಧ ದಾರಿ ಸಾಗಿದಂತೆ.

ಎಲ್ಲ ಉದುರುವಿಕೆಯೂ ರೋಗವಲ್ಲ. ಸದಾ ಹಸಿರಾಗಿರುವ ಮರಗಳೂ ಹಳೆಯ ಎಲೆಯನ್ನು ಬಿಡುತ್ತವೆ, ಆದರೆ ಒಮ್ಮೆಗೇ ಬಿಡುವುದಿಲ್ಲ. ಇಲ್ಲಿಯ ಬಿಳಿ ಪೈನ್ ಎರಡು ಮೂರು ವರ್ಷ ಮಾತ್ರ ಎಲೆ ಇಟ್ಟುಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಳಗಿನ ಎಲೆಗಳೆಲ್ಲ ಹಳದಿಯಾಗಿ ಮರದ ಬುಡದಲ್ಲಿ ಹಾಸಿಗೆ ಹಾಸಿದಂತೆ ಬೀಳುತ್ತವೆ. ಥುಜಾ ಗಿಡದ ಒಳಭಾಗದ ಎಲೆಗೊಂಚಲುಗಳೂ ಅದೇ ಕಾಲಕ್ಕೆ ಕಂದಾಗುತ್ತವೆ. ಉದುರುವಿಕೆ ಮರದ ಮೇಲಿಂದ ಕೆಳಗಿನವರೆಗೆ, ಸುತ್ತಲೂ ಒಂದೇ ಸಮನಾಗಿದ್ದು, ತುದಿಗಳು ಗಟ್ಟಿಯಾಗಿ ಹಸಿರಾಗಿದ್ದರೆ ಏನೂ ಮಾಡಬೇಕಿಲ್ಲ. ಟ್ಯಾಮರ್ಯಾಕ್, ಡಾನ್ ರೆಡ್‌ವುಡ್ ಎಂಬ ಮರಗಳಂತೂ ಸೂಜಿಯಂಥ ಎಲೆ ಇದ್ದರೂ ಚಳಿಗಾಲಕ್ಕೆ ಎಲ್ಲವನ್ನೂ ಉದುರಿಸಿ ಬೋಳಾಗಿ ನಿಲ್ಲುತ್ತವೆ. ಸತ್ತೇಹೋಯಿತೆಂದು ಜೀವವಿದ್ದ ಮರವನ್ನು ಡಿಸೆಂಬರ್‌ನಲ್ಲಿ ಕಡಿಸಿಬಿಟ್ಟವರಿದ್ದಾರೆ. ಕಡಿಸುವ ಮುನ್ನ ಒಂದು ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರು, ತೇವ ಕಂಡರೆ ಜೀವವಿದೆ.

ಈಗ ಆ ಫೋಟೊಗಳಲ್ಲಿ ಮತ್ತೆ ಮತ್ತೆ ಕಾಣುವ ಕಾಯಿಲೆಗೆ ಬರುತ್ತೇನೆ. ಕೆಳಗಿನ ಕೊಂಬೆಯಿಂದ ಶುರುವಾಗಿ ಮೇಲಕ್ಕೆ, ಒಳಗಿನಿಂದ ಹೊರಕ್ಕೆ, ಹಳೆಯ ಎಲೆ ಹೋಗಿ ಹೊಸದು ಮಾತ್ರ ಉಳಿಯುತ್ತಿದ್ದರೆ ಅದು ಬಹುಮಟ್ಟಿಗೆ ರೈಜೋಸ್ಫೀರಾ ಎಂಬ ಶಿಲೀಂಧ್ರದ ಕೆಲಸ. ಖಚಿತಪಡಿಸಿಕೊಳ್ಳಲು ಒಂದು ಭೂತಕನ್ನಡಿ ಸಾಕು. ಸ್ಪ್ರೂಸ್‌ನ ಎಲೆ ನಾಲ್ಕು ಮೂಲೆಯದು. ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟುಕೊಂಡು ಹೊರಳಿಸಿದರೆ ಆ ಮೂಲೆಗಳು ಬೆರಳಿಗೆ ತಿಳಿಯುತ್ತವೆ. ಪ್ರತಿ ಮುಖದಲ್ಲೂ ಉದ್ದಕ್ಕೆ ಬಿಳಿ ಚುಕ್ಕೆಗಳ ಸಾಲುಗಳಿರುತ್ತವೆ. ಅವು ಮರ ಉಸಿರಾಡುವ ಪತ್ರರಂಧ್ರಗಳು, ಅವುಗಳ ಬಾಯಿಗೆ ಕೂತಿರುವುದು ಬಿಳಿ ಮೇಣ. ರೋಗ ತಗುಲಿದ ಎಲೆಯಲ್ಲಿ ಆ ಬಿಳಿ ಚುಕ್ಕೆಗಳ ಜಾಗದಲ್ಲೇ ಕಪ್ಪು ಚುಕ್ಕೆಗಳಿರುತ್ತವೆ, ಸಾಲು ತಪ್ಪದೆ, ಒಂದರ ಹಿಂದೆ ಒಂದು. ಶಿಲೀಂಧ್ರ ತನ್ನ ಬೀಜಾಣುಗಳನ್ನು ಹೊರಗೆ ಕಳಿಸುವುದೇ ಆ ರಂಧ್ರಗಳ ಮೂಲಕ. ಕೆಲವೊಮ್ಮೆ ಕಪ್ಪು ಚುಕ್ಕೆಯ ತಲೆಯ ಮೇಲೆ ಬಿಳಿ ಮೇಣದ ಒಂದು ಕಣ ಇನ್ನೂ ಹಾಗೇ ಕೂತಿರುವುದೂ ಕಾಣುತ್ತದೆ. ಚುಕ್ಕೆಯ ಅಂಚು ದುಂಡಗೆ ನುಣುಪಾಗಿಲ್ಲದೆ ಕೂದಲೆದ್ದಂತೆ ಒರಟಾಗಿದ್ದರೆ ಅದು ಸ್ಟಿಗ್ಮಿನಾ ಎಂಬ ಇನ್ನೊಂದು ಶಿಲೀಂಧ್ರ ಇರಬಹುದು. ಹೊರಲಕ್ಷಣ ಒಂದೇ ಆದರೂ ಅದು ಔಷಧಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಇವೆರಡನ್ನು ಖಚಿತವಾಗಿ ಬೇರೆ ಮಾಡಿ ಹೇಳಲು ಪ್ರಯೋಗಾಲಯವೇ ಬೇಕು.

ಈ ಕಾಯಿಲೆಯ ಗತಿ ಬಹಳ ನಿಧಾನ. ವಸಂತದ ಮಳೆಯ ಹನಿಗಳು ಹಳೆಯ ಎಲೆಯ ಮೇಲಿನ ಬೀಜಾಣುಗಳನ್ನು ಸಿಡಿಸಿ ಎಳೆಯ ಚಿಗುರಿನ ಮೇಲೆ ಬೀಳಿಸುತ್ತವೆ. ಆ ಬೇಸಿಗೆಯಿಡೀ ಎಲೆ ಹಸಿರಾಗಿಯೇ ಇರುತ್ತದೆ. ಚಳಿಗಾಲದ ಹೊತ್ತಿಗೆ ಹಳದಿ ಇಣುಕುತ್ತದೆ, ಮರುವರ್ಷದ ಬೇಸಿಗೆಯಲ್ಲಿ ನೇರಳೆಗಂದು ಬಣ್ಣಕ್ಕೆ ತಿರುಗಿ ಕೊನೆಗೆ ಉದುರುತ್ತದೆ. ಸೋಂಕು ತಗುಲಿ ಎಲೆ ಬೀಳುವುದಕ್ಕೆ ಒಂದು ವರ್ಷಕ್ಕೂ ಮೀರಿ ಹಿಡಿಯುತ್ತದೆ. ಈಗ ಅಕ್ಟೋಬರ್‌ನಲ್ಲಿ ಫೋಟೊ ತೆಗೆದು ಕಳಿಸುವವರು ಹೋದ ವರ್ಷದ ಮೇ ತಿಂಗಳ ಮಳೆಯ ಫಲವನ್ನು ನೋಡುತ್ತಿದ್ದಾರೆ. ಈ ಹೊತ್ತಿನಲ್ಲಿ ಏನು ಹೊಡೆದರೂ ವ್ಯರ್ಥ. ಗಾಬರಿಯಾದ ಮನೆಯವರಿಗೆ ಅಕ್ಟೋಬರ್‌ನಲ್ಲೇ ಸಿಂಪಡಣೆ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆಗಾಲ ಹಿಡಿಯುವ ಮುಂಚೆ, ಗೊನೆ ಇನ್ನೂ ಚೆನ್ನಾಗಿರುವಾಗ. ಕೊಳೆತ ಕಾಯಿಗೆ ಹೊಡೆದು ಫಲವಿಲ್ಲ. ಸ್ಪ್ರೂಸ್‌ಗೂ ಕ್ರಮ ಅದೇ. ಕ್ಲೋರೋಥಲೋನಿಲ್ ಅಥವಾ ತಾಮ್ರದ ಔಷಧವನ್ನು ಹೊಸ ಎಲೆ ಅರ್ಧ ಬೆಳೆದಾಗ ಒಮ್ಮೆ, ಮೂರು ನಾಲ್ಕು ವಾರ ಬಿಟ್ಟು ಇನ್ನೊಮ್ಮೆ, ಎಲೆಯ ಎಲ್ಲ ಮುಖಗಳೂ ನೆನೆಯುವಂತೆ ಹೊಡೆಯಬೇಕು. ಅದೂ ಒಂದು ವರ್ಷಕ್ಕೆ ಮುಗಿಯುವುದಿಲ್ಲ, ಕಡೇಪಕ್ಷ ಎರಡು ಮೂರು ವರ್ಷ ಬಿಡದೆ ಮಾಡಬೇಕು. ನಲವತ್ತು ಅಡಿಯ ಮರಕ್ಕೆ ಮನೆಯ ಪಂಪಿನಿಂದ ಇದು ಆಗದ ಕೆಲಸ. ಸಾಲಿನಲ್ಲಿ ಎಂಟು ಹತ್ತು ಮರವಿದ್ದರೆ ವರ್ಷ ವರ್ಷವೂ ಆಗುವ ಖರ್ಚನ್ನು ಮೊದಲೇ ಲೆಕ್ಕ ಹಾಕಿ ತೀರ್ಮಾನಿಸುವುದು ಒಳ್ಳೆಯದು.

ಊರಿನಿಂದ ಬಂದವರಿಗೆ ನಂಬಲು ಕಷ್ಟವಾಗುವ ಮಾತೊಂದಿದೆ. ಹೊಂಗೆಯನ್ನು, ನೀಲಗಿರಿಯನ್ನು ಬುಡಕ್ಕೆ ಕಡಿದರೂ ಮತ್ತೆ ಚಿಗುರುವುದನ್ನು ನೋಡಿ ಬೆಳೆದವರು ನಾವು. ‘ಹೋಗಲಿ ಬಿಡಿ, ಮುಂದಿನ ವರ್ಷ ಚಿಗುರುತ್ತದೆ’ ಎಂಬ ಧೈರ್ಯ ನಮಗೆ ರೂಢಿ. ಸ್ಪ್ರೂಸ್‌ನಲ್ಲಿ ಆ ಧೈರ್ಯ ನಡೆಯುವುದಿಲ್ಲ. ಎಲೆ ಉದುರಿದ ಹಳೆಯ ಕಡ್ಡಿಯ ಮೇಲೆ ಮತ್ತೆ ಎಲೆ ಬರುವುದಿಲ್ಲ. ಔಷಧ ಸರಿಯಾಗಿ ಕೆಲಸ ಮಾಡಿದರೂ ಬೋಳಾದ ಭಾಗ ಬೋಳಾಗಿಯೇ ಉಳಿಯುತ್ತದೆ, ತುದಿಯಲ್ಲಿ ಮುಂದೆ ಬರುವ ಎಲೆ ಮಾತ್ರ ಉಳಿದುಕೊಳ್ಳುತ್ತದೆ. ಮೂರು ನಾಲ್ಕು ವರ್ಷ ಸತತವಾಗಿ ಎಲೆ ಕಳೆದುಕೊಂಡ ಕೊಂಬೆ ಸಾಯುತ್ತದೆ. ಆದ್ದರಿಂದ ಕೆಳಗಿನ ಒಂದು ಸುತ್ತು ಹೋದಾಗಲೇ ಗಮನ ಕೊಡಬೇಕು, ಅರ್ಧ ಮರ ಹೋದ ಮೇಲಲ್ಲ.

ಈ ಮರವೇ ಏಕೆ ಇಷ್ಟು ಬೇಗ ಸೋಲುತ್ತದೆ? ಇದರ ತವರು ರಾಕಿ ಪರ್ವತ. 1862ರಲ್ಲಿ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಪ್ಯಾರಿ ಇದನ್ನು ಗುರುತಿಸಿದ್ದು ಕೊಲರಾಡೋದ ಪೈಕ್ಸ್ ಪೀಕ್ ಬೆಟ್ಟದಲ್ಲಿ. ಇವತ್ತಿಗೂ ಅದು ಕೊಲರಾಡೋದ ರಾಜ್ಯವೃಕ್ಷ. ಅಲ್ಲಿ ಸುಮಾರು ಆರು ಸಾವಿರದಿಂದ ಹತ್ತು ಸಾವಿರ ಅಡಿ ಎತ್ತರದಲ್ಲಿ, ಒಣ ಗಾಳಿಯಲ್ಲಿ, ಹೊಳೆಯ ದಂಡೆಗಳಲ್ಲಿ ಬೆಳೆಯುವ ಮರ. ಬೇರಿಗೆ ನೀರುಂಟು, ಎಲೆ ಮಾತ್ರ ಬೇಗ ಒಣಗುತ್ತದೆ. ಮಿಶಿಗನ್, ಇಲಿನಾಯ್, ಒಹಾಯೋದಲ್ಲಿ ಬೇಸಿಗೆಯ ಗಾಳಿ ತೇವ, ಇಬ್ಬನಿ ಹೊತ್ತೇರಿದರೂ ಆರುವುದಿಲ್ಲ, ಮಣ್ಣು ಅನೇಕ ಕಡೆ ಅಂಟುಜೇಡಿ. ಅದರ ಮೇಲೆ ಬಿಲ್ಡರುಗಳು ಐದಾರು ಅಡಿಗೊಂದರಂತೆ ನೆಟ್ಟಿದ್ದಾರೆ, ಬೇಗ ಮರೆಯಾಗಲಿ ಎಂದು. ಹದಿನೈದು ಇಪ್ಪತ್ತು ಅಡಿ ಅಗಲಕ್ಕೆ ಹರಡುವ ಮರವದು. ಹತ್ತು ವರ್ಷದಲ್ಲಿ ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು ಒಳಗೆ ಗಾಳಿಯಾಡುವುದು ನಿಂತುಹೋಗುತ್ತದೆ. ಇನ್ನು ಹುಲ್ಲುಹಾಸಿನ ಸ್ಪ್ರಿಂಕ್ಲರ್ ಬೆಳಗ್ಗೆ ಸಂಜೆ ಕೆಳಗಿನ ಕೊಂಬೆಗೆ ಚಿಮ್ಮುತ್ತಿದ್ದರೆ ಶಿಲೀಂಧ್ರಕ್ಕೆ ಬೇಕಾದ್ದೆಲ್ಲ ಒದಗಿದಂತಾಯಿತು. ಖರ್ಚಿಲ್ಲದೆ ಇವತ್ತೇ ಮಾಡಬಹುದಾದ ಕೆಲಸ ಆ ಸ್ಪ್ರಿಂಕ್ಲರ್‌ನ ಮೂತಿಯನ್ನು ಬೇರೆ ಕಡೆ ತಿರುಗಿಸುವುದು.

ಒಂದು ಕೊಂಬೆ ತುದಿಯ ಎಲೆ ಸಮೇತ ಪೂರ್ತಿ ಕಂದಾಗಿದ್ದು, ಅಕ್ಕಪಕ್ಕದವು ಚೆನ್ನಾಗಿದ್ದರೆ ಅದು ಬೇರೆಯೇ ರೋಗ. ಹೊಸ ಎಲೆಯೂ ಉಳಿದಿಲ್ಲ ಎಂಬುದೇ ಸುಳಿವು. ಸತ್ತ ಕೊಂಬೆಯ ಜಾಡು ಹಿಡಿದು ಕಾಂಡದ ಕಡೆಗೆ ಹೋದರೆ ತೊಗಟೆಯ ಮೇಲೆ ಬಿಳಿಯ ರಾಳ ಸೋರಿ ಗಟ್ಟಿಯಾಗಿ ನಿಂತಿರುತ್ತದೆ, ಕೆಳಗಿನ ಕೊಂಬೆಗಳ ಮೇಲೂ ತೊಟ್ಟಿಕ್ಕಿರುತ್ತದೆ. ಇದು ಸೈಟೋಸ್ಪೋರಾ ಕ್ಯಾಂಕರ್. ಹದಿನೈದು ವರ್ಷ ದಾಟಿದ, ಬರದಿಂದಲೋ ಬೇರಿನ ತೊಂದರೆಯಿಂದಲೋ ಬಳಲಿದ ಮರಗಳನ್ನು ಹಿಡಿಯುತ್ತದೆ. ಇದಕ್ಕೆ ಸಿಂಪಡಿಸುವ ಯಾವ ಔಷಧವೂ ಇಲ್ಲ. ಒಣ ಹವೆಯ ದಿನ ನೋಡಿ ಸತ್ತ ಕೊಂಬೆಯನ್ನು ಕಾಂಡದ ಹತ್ತಿರ ಅದರ ಕತ್ತಿನವರೆಗೆ ಕತ್ತರಿಸಿ, ಪ್ರತಿ ಸಲ ಗರಗಸವನ್ನು ಸ್ಪಿರಿಟ್‌ನಿಂದ ಒರೆಸಿ, ಮರಕ್ಕೆ ಬೇಸಿಗೆಯಲ್ಲಿ ನೀರುಣಿಸಬೇಕು. ನೀರು ಕಾಂಡದ ಬುಡಕ್ಕಲ್ಲ, ಕೊಂಬೆಯ ತುದಿಗಳ ಕೆಳಗಿನ ನೆಲಕ್ಕೆ. ಅಡಿ ಆಳ ನೆನೆಯುವಂತೆ, ನಿಧಾನವಾಗಿ.

ಎಲೆ ಕಂದೂ ಅಲ್ಲ ಹಸಿರೂ ಅಲ್ಲ ಎಂಬಂತೆ ಮಾಸಲಾಗಿ, ಸಣ್ಣ ಸಣ್ಣ ಹಳದಿ ಚುಕ್ಕೆ ಬಿದ್ದಿದ್ದರೆ ನುಸಿಯನ್ನು ಅನುಮಾನಿಸಿ. ಒಂದು ಬಿಳಿ ಕಾಗದವನ್ನು ಕೊಂಬೆಯ ಕೆಳಗೆ ಹಿಡಿದು ಕೊಂಬೆಯನ್ನು ಜೋರಾಗಿ ತಟ್ಟಿ. ಬಿದ್ದ ಧೂಳಿನ ಕಣಗಳಲ್ಲಿ ಕೆಲವು ನಡೆಯಲು ಶುರುಮಾಡಿದರೆ ಅವೇ ನುಸಿ. ನಿಧಾನ ನಡೆಯುವವು ಎಲೆಯ ರಸ ಹೀರುವವು. ಸರಸರ ಓಡುವವು ಅವುಗಳನ್ನು ತಿನ್ನುವ ನುಸಿಗಳು, ನಮ್ಮ ಪಕ್ಷದವು. ಸ್ಪ್ರೂಸ್‌ನ ನುಸಿಗೆ ತಂಪು ಹವೆ ಬೇಕು. ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್‌ನಲ್ಲಿ ಹೆಚ್ಚು, ಕಡು ಬೇಸಿಗೆಯಲ್ಲಿ ಕಡಿಮೆ. ಹೀಗಾಗಿ ಜುಲೈನಲ್ಲಿ ಎಲೆ ಕೆಟ್ಟದ್ದನ್ನು ಕಂಡು ಹುಡುಕಿದವರಿಗೆ ನುಸಿ ಸಿಗುವುದೇ ಇಲ್ಲ. ಸಣ್ಣ ಮರವಾದರೆ ಪೈಪಿನ ಬಿರುಸಾದ ನೀರೇ ಸಾಕು. ಸಿಕ್ಕ ಕೀಟನಾಶಕ ಹೊಡೆದರೆ ನುಸಿ ತಿನ್ನುವ ಜೀವಿಗಳೇ ಮೊದಲು ಸಾಯುತ್ತವೆ, ಮುಂದಿನ ಸಲ ನುಸಿ ದುಪ್ಪಟ್ಟಾಗುತ್ತದೆ. ಎಣ್ಣೆಯ ದ್ರಾವಣ ನುಸಿಗೆ ಒಳ್ಳೆಯದೇ, ಆದರೆ ಎಲೆಯ ಮೇಲಿನ ಮೇಣವನ್ನು ಕರಗಿಸಿಬಿಡುತ್ತದೆ. ಆ ನೀಲಿ ಬಣ್ಣವೆಂದರೆ ಮೇಣವೇ, ಹಾಗಾಗಿ ಎಣ್ಣೆ ತಗಲಿದ ಎಲೆ ಬರೀ ಹಸಿರಾಗಿ ಉಳಿಯುತ್ತದೆ.

ಮರದ ಒಂದೇ ಕಡೆ ಕಂದಾಗಿದ್ದರೆ ರೋಗಕ್ಕಿಂತ ಮೊದಲು ಆ ಕಡೆ ಏನಿದೆ ಎಂದು ನೋಡಬೇಕು. ರಸ್ತೆಯ ಕಡೆಗಾದರೆ ಚಳಿಗಾಲದಲ್ಲಿ ಹಿಮ ಕರಗಿಸಲು ಸುರಿಯುವ ಉಪ್ಪು. ವಾಹನಗಳು ಚಿಮ್ಮಿಸಿದಷ್ಟು ಎತ್ತರಕ್ಕೆ ಮಾತ್ರ ಕಂದಾಗಿ, ಹಿಮದಲ್ಲಿ ಹೂತಿದ್ದ ಅತಿ ಕೆಳಗಿನ ಕೊಂಬೆಗಳು ಹಸಿರಾಗಿಯೇ ಉಳಿದಿರುತ್ತವೆ. ದಕ್ಷಿಣಕ್ಕೋ ಗಾಳಿ ಬೀಸುವ ಕಡೆಗೋ ಆದರೆ ಚಳಿಗಾಲದ ಒಣಗು. ನೆಲ ಹೆಪ್ಪುಗಟ್ಟಿ ಬೇರಿಗೆ ನೀರಿಲ್ಲದಾಗ ಬಿಸಿಲು, ಗಾಳಿ ಎಲೆಯ ನೀರನ್ನು ಎಳೆದುಬಿಡುತ್ತವೆ. ಮಾರ್ಚ್‌ನಲ್ಲಿ ಇಂಥ ಮರ ನೋಡಿದರೆ ಎದೆ ಧಸಕ್ ಎನ್ನುತ್ತದೆ, ಆದರೆ ಮೊಗ್ಗು ಬದುಕಿದ್ದರೆ ಜೂನ್ ವೇಳೆಗೆ ಹೊಸ ಚಿಗುರು ಆ ಕಂದನ್ನು ಮುಚ್ಚುತ್ತದೆ. ಕತ್ತರಿ ಹಿಡಿಯುವ ಮುನ್ನ ಜೂನ್‌ವರೆಗೆ ಕಾಯಬೇಕು. ಮರದ ನೆತ್ತಿಯೊಂದೇ ಒಣಗಿ ಊರುಗೋಲಿನ ಹಿಡಿಯಂತೆ ಬಾಗಿದ್ದರೆ ಅದು ಬಿಳಿ ಪೈನ್ ಮೂತಿಹುಳುವಿನ ಮರಿಗಳ ಕೆಲಸ. ಜುಲೈ ಮಧ್ಯದೊಳಗೆ ಆ ತುದಿಯನ್ನು ಹಸಿರು ಸಿಗುವವರೆಗೆ ಕತ್ತರಿಸಿ ಸುಟ್ಟು, ಪಕ್ಕದ ಒಂದು ರೆಂಬೆಯನ್ನು ನೆಟ್ಟಗೆ ಕಟ್ಟಿ ಹೊಸ ನೆತ್ತಿ ಮಾಡಬಹುದು.

ಹೊಸ ಚಿಗುರೇ ಸುರುಳಿ ಸುತ್ತಿ ಕಂದಾದರೆ ಹುಲ್ಲುಹಾಸಿಗೆ ಹೊಡೆದ ಕಳೆನಾಶಕವನ್ನು ನೆನಪಿಸಿಕೊಳ್ಳಿ. 2011ರಲ್ಲಿ ಇಂಪ್ರೆಲಿಸ್ ಎಂಬ ಕಳೆನಾಶಕ ಈ ಭಾಗದ ನಾರ್ವೆ ಸ್ಪ್ರೂಸ್ ಮತ್ತು ಬಿಳಿ ಪೈನ್ ಮರಗಳನ್ನು ದೊಡ್ಡ ಪ್ರಮಾಣದಲ್ಲಿ ಹಾಳುಮಾಡಿತು, ಆ ಆಗಸ್ಟ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದರ ಮಾರಾಟ ನಿಲ್ಲಿಸಿತು. ಹುಲ್ಲಿಗೆ ಹೊಡೆದದ್ದು ಹುಲ್ಲಿನಲ್ಲೇ ನಿಲ್ಲುವುದಿಲ್ಲ. ಮರದ ಬೇರು ಹುಲ್ಲಿನ ಕೆಳಗೇ ಹರಡಿರುತ್ತದೆ.

ಇದ್ಯಾವುದೂ ಹೊಂದದೆ ಇಡೀ ಮರ ಕಳೆಗುಂದುತ್ತಿದ್ದರೆ ಮಂಡಿಯೂರಿ ಬುಡ ನೋಡಬೇಕು. ಕಾಂಡ ನೆಲ ಮುಟ್ಟುವಲ್ಲಿ ಅಗಲವಾಗಿ ಬೇರುಗಳಾಗಿ ಬಿರಿಯಬೇಕು. ಹೂತ ಕಂಬದಂತೆ ನೇರವಾಗಿ ಮಣ್ಣಿನೊಳಗೆ ಇಳಿದಿದ್ದರೆ ಮರವನ್ನು ಆಳಕ್ಕೆ ನೆಟ್ಟಿದ್ದಾರೆ ಎಂದರ್ಥ. ಅದರ ಮೇಲೆ ವರ್ಷ ವರ್ಷ ಕಾಂಡಕ್ಕೆ ಒತ್ತಿ ಗುಡ್ಡೆ ಹಾಕಿದ ಮರದ ಚಕ್ಕೆಯ ಹೊದಿಕೆ, ಬುಡದಲ್ಲೇ ಉಳಿದ ಗೋಣಿಬಟ್ಟೆ, ತಂತಿಬುಟ್ಟಿ, ಕಾಂಡವನ್ನು ಸುತ್ತಿ ಬಿಗಿಯುವ ಬೇರು. ಇವು ಮರವನ್ನು ಹತ್ತು ಹದಿನೈದು ವರ್ಷ ತೆಗೆದುಕೊಂಡು ಕೊಲ್ಲುತ್ತವೆ. ನನ್ನ ಅನುಭವದಲ್ಲಿ ಶಿಲೀಂಧ್ರದ ತಲೆಗೆ ಕಟ್ಟಿದ ಎಷ್ಟೋ ಸಾವುಗಳ ಮೂಲ ನೆಟ್ಟ ದಿನದ ಗುಂಡಿಯಲ್ಲೇ ಇರುತ್ತದೆ. ಬೇರು ಉಸಿರುಗಟ್ಟಿರುವಾಗ ಗೊಬ್ಬರದ ಗೂಟ ಹೊಡೆದರೆ ಏನೂ ಆಗದು.

ಕಣ್ಣಳತೆಯಲ್ಲಿ ತೀರ್ಮಾನವಾಗದಿದ್ದರೆ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಸ್ಯರೋಗ ಪ್ರಯೋಗಾಲಯವಿದೆ. ಬೇರೆ ರಾಜ್ಯಗಳಲ್ಲೂ ಅಲ್ಲಲ್ಲಿನ ಲ್ಯಾಂಡ್ ಗ್ರ್ಯಾಂಟ್ ವಿಶ್ವವಿದ್ಯಾಲಯದ ವಿಸ್ತರಣಾ ಕಚೇರಿಗಳು ನೆರವಾಗುತ್ತವೆ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿದ್ದು ಇದೇ ಮಾದರಿಯಲ್ಲಿ. ರೈತರು ರೋಗದ ಗಿಡ ಹಿಡಿದುಕೊಂಡು ಅದರ ಜಿಕೆವಿಕೆ ಆವರಣಕ್ಕೆ ಹೋಗುವುದನ್ನು ಕಂಡವರಿಗೆ ಇಲ್ಲಿಯ ವ್ಯವಸ್ಥೆ ಹೊಸದೆನಿಸದು. ಕಳಿಸುವಾಗ ಪೂರ್ತಿ ಸತ್ತ ಕೊಂಬೆ ಕಳಿಸಬೇಡಿ, ಅದರಲ್ಲಿ ಸಿಗುವುದು ಸತ್ತ ಮೇಲೆ ಬಂದ ಬೂಷ್ಟು ಮಾತ್ರ. ಹಸಿರು ಮತ್ತು ಕಂದು ಸೇರುವ ಗಡಿಯಿರುವ ಕೊಂಬೆ ಬೇಕು. ಒದ್ದೆ ಕಾಗದ ಸುತ್ತದೆ, ಇದ್ದ ಹಾಗೆಯೇ ಚೀಲಕ್ಕೆ ಹಾಕಿ, ವಾರದ ಮೊದಲಲ್ಲಿ ಅಂಚೆಗೆ ಹಾಕಿದರೆ ಶನಿವಾರ ಭಾನುವಾರ ದಾರಿಯಲ್ಲಿ ಕೊಳೆಯುವುದಿಲ್ಲ. ಜೊತೆಗೆ ಇಡೀ ಮರದ ಫೋಟೊ, ಬುಡದ ಫೋಟೊ, ಯಾವಾಗ ಶುರುವಾಯಿತೆಂಬ ಒಂದೆರಡು ಸಾಲು.

ಊರಿನ ಓದುಗರಿಗೂ ಇದರಲ್ಲಿ ಕೆಲಸಕ್ಕೆ ಬರುವುದುಂಟು. ಬೆಂಗಳೂರಿನ ನರ್ಸರಿಗಳಲ್ಲಿ ಕ್ರಿಸ್‌ಮಸ್ ಮರವೆಂದು ಮಾರುವ ಅರಕೇರಿಯಾ ಕುಂಡದ ಗಿಡದ ಕೆಳಗಿನ ಕೊಂಬೆ ಒಣಗಿದರೆ ಅದೂ ಮತ್ತೆ ಬರುವುದಿಲ್ಲ. ನೀರು ನಿಂತಿದೆಯೇ, ಬೆಳಕು ಸಾಲದೇ ಎಂದು ಮೊದಲು ನೋಡಿ. ಕರಾವಳಿಯ ಗಾಳಿಮರದಲ್ಲಿ ಸೂಜಿಯಂತೆ ಕಾಣುವುದು ಎಲೆಯಲ್ಲ, ಹಸಿರು ಕಡ್ಡಿ. ಅದು ಒಣಗಿದಾಗ ಕಾಂಡದ ತೊಗಟೆಯಲ್ಲಿ ಬೊಬ್ಬೆ ಎದ್ದಿದೆಯೇ, ಒಡೆದ ಬೊಬ್ಬೆಯಲ್ಲಿ ಕಪ್ಪು ಪುಡಿ ಇದೆಯೇ ಎಂದು ನೋಡಬೇಕು. ಇದ್ದರೆ ಅದು ತೋಪಿನಲ್ಲಿ ಹರಡುವ ಶಿಲೀಂಧ್ರ ರೋಗ.

ಇನ್ನು ಅರ್ಧಕ್ಕಿಂತ ಹೆಚ್ಚು ಬೋಳಾದ ಸ್ಪ್ರೂಸ್ ಇದ್ದವರಿಗೆ ನನ್ನ ಸಲಹೆ, ಔಷಧದ ದುಡ್ಡನ್ನು ಹೊಸ ಸಸಿಗೆ ಹಾಕಿ. ಸಾಲಿನಲ್ಲಿ ಒಂದು ಬಿಟ್ಟು ಒಂದು ತೆಗೆಸಿದರೆ ಉಳಿದವಕ್ಕೆ ಗಾಳಿ ಸಿಗುತ್ತದೆ. ಖಾಲಿಯಾದ ಕಡೆ ಮತ್ತೆ ನೀಲಿ ಸ್ಪ್ರೂಸ್ ನೆಡಬೇಡಿ. ನೀಲಿ ಛಾಯೆಯೇ ಬೇಕೆಂದರೆ ನೀರು ನಿಲ್ಲದ ಮಣ್ಣಿನಲ್ಲಿ ಕಾನ್‌ಕಲರ್ ಫರ್ ಚೆನ್ನಾಗಿ ಬರುತ್ತದೆ. ನಾರ್ವೆ ಸ್ಪ್ರೂಸ್ ಈ ಶಿಲೀಂಧ್ರವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ರಸ್ತೆಯ ಉಪ್ಪು ತಗಲದ ಜಾಗದಲ್ಲಿ ಬಿಳಿ ಪೈನ್ ಹಾಕಬಹುದು. ಮೂರನ್ನೂ ಬೆರೆಸಿ ನೆಟ್ಟರೆ ಒಂದು ರೋಗ ಇಡೀ ಸಾಲನ್ನು ಒಯ್ಯಲಾರದು. ಒಂದರಿಂದ ಒಂದಕ್ಕೆ ಹದಿನೈದು ಅಡಿಯಾದರೂ ಇರಲಿ. ನೆಡುವಾಗ ಬೇರಿನ ಸುತ್ತಲ ತಂತಿ, ಗೋಣಿ ಬಿಚ್ಚಿಸಿ, ಬೇರು ಬಿರಿಯುವ ಜಾಗ ಮಣ್ಣಿನ ಮೇಲೆ ಕಾಣುವಂತೆ ಕೂರಿಸಿ, ಕೆಲಸದವರು ಗುಂಡಿ ಮುಚ್ಚಿ ಹೋಗುವ ಮೊದಲು ಅಲ್ಲೇ ನಿಂತು ಅದನ್ನು ಕಣ್ಣಾರೆ ನೋಡಿಕೊಳ್ಳಿ.